ಬೆವರದ ನಾಯಕನೂ ಎರಡು ಎಡತೋಳಿನ ಕೋಟೂ

ಮಾನ್ಯ ನಿರ್ದೇಶಕ ಮಹಾಶಯರೇ,

ತಮ್ಮ ಕೀರ್ತಿ ದಿಕ್ಕುದಿಕ್ಕಿಗೂ ಹಬ್ಬಲಿ, ತಮ್ಮ ಅಂಗಿಯ ಗುಂಡಿಗಳು ಎಂದಿಗೂ ಉದುರದಿರಲಿ ಎಂದು ಹಾರೈಸುತ್ತಾ, ಅಣ್ಣನೊಂದಿಗೆ ದರ್ಜಿ ಅಂಗಡಿ ನಡೆಸುವ ನಾನು ಈ ಪತ್ರವನ್ನು ಪತ್ರಿಕೆಯಲ್ಲಿ ನಾಲ್ಕು ಜನ ಓದಲೆಂದೇ ಬರೆಯುತ್ತಿದ್ದೇನೆ.

ತಮ್ಮ ವೈಜ್ಞಾನಿಕ ಚಿತ್ರವನ್ನು ಅಣ್ಣ, ಅತ್ತಿಗೆ, ನಾನು ಒಂದೇ ಸಾಲಿನಲ್ಲಿ ಕುಳಿತು ನೋಡಿದೆವು. ನಾಯಕ ಮನುಷ್ಯನೋ, ಮನುಷ್ಯರು ಮಾಡಿದ ಯಂತ್ರವೋ ಎಂದು ಚಿತ್ರದುದ್ದಕ್ಕೂ ನಮ್ಮ ಜೀವ ತಿಂದು, ಕೊನೆಗೆ ವೈದ್ಯೆ ಅವನ ಎದೆಗೆ ಸ್ಟೆತಾಸ್ಕೋಪು ಇಡುವಷ್ಟರಲ್ಲಿ ತಾವು ಪರದೆ ಕಪ್ಪು ಮಾಡಿಬಿಟ್ಟಿರಿ. ಎಂಥ ಕಲೆ! ನಾವು ಪ್ಯಾಂಟಿಗೆ ಒಂದೇ ಕಾಲು ಹೊಲಿದು, ಇನ್ನೊಂದನ್ನು ತಾವೇ ಊಹಿಸಿಕೊಳ್ಳಿ ಎಂದರೆ ಗಿರಾಕಿ ಕೊರಳಪಟ್ಟಿ ಹಿಡಿಯುತ್ತಾನೆ. ತಮಗಾದರೋ ಚಪ್ಪಾಳೆ ಬಿತ್ತು.

ತಾಯಿಯ ಫೋಟೋ ನೋಡಿ ಅತ್ತವನು ಮನುಷ್ಯನೇ ಎಂದು ಅಣ್ಣನ ವಾದ. ಓಡಿ, ಬಿದ್ದು, ಹೊಡೆದಾಡಿದರೂ ಷರ್ಟಿನ ಕಂಕುಳು ಒದ್ದೆಯಾಗದವನು ಯಂತ್ರವೇ ಎಂದು ನನ್ನ ವಾದ. "ಕಣ್ಣೀರಿಗಿಂತ ನಿಂಗೆ ಕಂಕುಳೇ ಹೆಚ್ಚಾಯ್ತಾ? ನೀನೇ ಮಷೀನು ಕಣೋ" ಎಂದ ಅಣ್ಣ ಅಂದಿನಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದಾನೆ. "ಸಿನಿಮಾದವ್ನು ಏನಾದ್ರೆ ನಿಮಗೇನು? ಮೊದ್ಲು ನೀವಿಬ್ರೂ ಮನುಷ್ಯರಾಗಿ" ಎಂದ ಅತ್ತಿಗೆಯ ಮಾತು ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

ನಮ್ಮಲ್ಲಿ ಕತ್ತರಿಸುವವನು ಅಣ್ಣ, ಹೊಲಿಯುವವನು ನಾನು. ತುಂಡುಗಳಿಗೆ ಗುರುತು ಹಾಕುವ ಪದ್ಧತಿ ಅಪ್ಪನ ಕಾಲದಿಂದಲೂ ಇಲ್ಲ. ಎಡತೋಳು, ಬಲತೋಳು ಎಂದು ಕೂಗುತ್ತಾ ಅವನು ಎಸೆಯುತ್ತಾನೆ, ನಾನು ಹಿಡಿಯುತ್ತೇನೆ. ಈಗ ಬಟ್ಟೆ ಮೌನವಾಗಿ ಬಂದು ಬೀಳುತ್ತದೆ. ಮೊನ್ನೆ ಒಬ್ಬ ಮದುಮಗನ ಕೋಟಿಗೆ ಎರಡೂ ಕಡೆ ಎಡತೋಳನ್ನೇ ಹೊಲಿದುಬಿಟ್ಟೆ. ಅವನು ಬಲಗೈ ತಿರುಚಿಕೊಂಡು ಕನ್ನಡಿಯ ಮುಂದೆ ನಿಂತದ್ದನ್ನು ನೋಡಿಯೂ ಅಣ್ಣ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕೋಟನ್ನು ಬಿಚ್ಚಿ ಹೊಲಿಯಬಹುದು, ಅಣ್ಣನ ದನಿಯಿಲ್ಲದ ಅಂಗಡಿಯಲ್ಲಿ ಕೂರುವುದು ನನ್ನಿಂದಾಗದು. ಅವನು ಬೇರೆ ಮಳಿಗೆ ನೋಡುತ್ತಿದ್ದಾನೆಂದೂ ಅತ್ತಿಗೆ ಹೇಳಿದಳು.

ಆದ್ದರಿಂದ ಒಂದು ಸಣ್ಣ ಬಿನ್ನಹ. ಲೋಕದ ಎಲ್ಲ ಚಿತ್ರಮಂದಿರಗಳಿಂದಲೂ ಚಿತ್ರವನ್ನು ಹಿಂದಕ್ಕೆ ತರಿಸಿ, ಆ ವೈದ್ಯೆ ಬಾಯಿಬಿಡುವ ಒಂದು ದೃಶ್ಯ ಸೇರಿಸಬೇಕು. ಅದಾಗದಿದ್ದರೆ ನಾಯಕನನ್ನೇ ಇತ್ತ ಕಳುಹಿಸಿದರೆ, ಬೇಸಿಗೆಯ ಮಧ್ಯಾಹ್ನ ಉಣ್ಣೆಯ ಕೋಟು ತೊಡಿಸಿ ಇಸ್ತ್ರಿಪೆಟ್ಟಿಗೆಯ ಪಕ್ಕ ಕೂರಿಸುತ್ತೇವೆ. ಬೆವರಿದರೆ ಅಣ್ಣನ ಕಾಲು ಹಿಡಿಯಲು ಸಿದ್ಧನಿದ್ದೇನೆ. ಅವನು ಯಂತ್ರವೇ ಆಗಿದ್ದರೆ ದಯವಿಟ್ಟು ಸುಳ್ಳು ಹೇಳಿ, ಮನುಷ್ಯನೆಂದೇ ಸಾರಿಬಿಡಿ. ಸೋಲುವುದು ನನಗೇನೂ ಕಷ್ಟವಲ್ಲ.

ತಮ್ಮ ವಿಶ್ವಾಸಿ,
ಅಂಗಡಿಯ ಕಿರಿಯ ದರ್ಜಿ

ತಾ.ಕ.: ಪತ್ರಿಕೆಗೆ ಕಳುಹಿಸುವ ಮುನ್ನವೇ ಅಣ್ಣ ಇದನ್ನು ಕಸಿದು ಓದಿ, ಕೊನೆಗೂ ಬಾಯಿಬಿಟ್ಟ: "ಆ ಡೈರೆಕ್ಟರ್ ಮಾತ್ರ ಗ್ಯಾರಂಟಿ ಮನುಷ್ಯಾನೇ ಕಣೋ. ಮಷೀನಾಗಿದ್ರೆ ಒಪ್ಕೊಂಡ ಕೆಲ್ಸಾನ ಹೀಗೆ ಅರ್ಧಕ್ಕೆ ಬಿಡ್ತಿರ್ಲಿಲ್ಲ." ಈ ವಿಷಯದಲ್ಲಿ ನಮ್ಮಿಬ್ಬರದೂ ಒಂದೇ ಮಾತಾದ್ದರಿಂದ ತಾವು ಉತ್ತರಿಸುವ ಶ್ರಮ ತೆಗೆದುಕೊಳ್ಳಬೇಡಿ, ಎರಡನೆಯ ಭಾಗ ತೆಗೆಯುವ ಶ್ರಮವಂತೂ ಬೇಡವೇ ಬೇಡ.