ಹನ್ನೊಂದು ಗಂಟೆಯ ಪ್ರಿಂಟು

ನಮ್ಮ ಮನೆಯಲ್ಲಿ ಇನ್ನು ಮುಂದೆ ಯಾರೂ ಯಾವುದನ್ನೂ ಮರೆಯಕೂಡದು ಎಂದು ನಾನು ಶ್ರಾವಣದ ಮೊದಲ ಸೋಮವಾರ ಘೋಷಿಸಿದೆ. ಕೇಳಿಸಿಕೊಂಡವಳು ನನ್ನ ಹೆಂಡತಿ ದ್ರಾಕ್ಷಾಯಣಿ ಒಬ್ಬಳೇ. ಅವಳು ಬೀನ್ಸ್ ಹೆಚ್ಚುತ್ತಲೇ, ಹಾಲು ತರಲು ಹೋದವರು ಬರಿಗೈಲಿ ಬಂದಿದ್ದೀರಲ್ಲ ಎಂದಳು. ಕ್ರಾಂತಿಕಾರಿಗಳಿಗೆ ಮನೆಯಲ್ಲಿ ಸಿಗುವ ಗೌರವ ಇಷ್ಟೇ.

ನಾನು ಇಂದ್ರೇಶ್. ಅರಸೀಕೆರೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಆಫೀಸ್ ಸೂಪರಿಂಟೆಂಡೆಂಟ್. ಶಾಲೆಯಲ್ಲಿ ನನಗೆ ದೊಡ್ಡ ಹೆಸರು ತಂದುಕೊಟ್ಟದ್ದು ಮ್ಯಾಕ್ರೊ. ಸ್ಪ್ರೆಡ್‌ಶೀಟಿನೊಳಗೆ ನಾವು ಒಮ್ಮೆ ಬರೆದಿಟ್ಟ ಅಪ್ಪಣೆಯನ್ನು ಕಂಪ್ಯೂಟರು ತಾನೇ ನಡೆಸಿಕೊಂಡು ಹೋಗುವುದಕ್ಕೆ ಹಾಗೆನ್ನುತ್ತಾರೆ. ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಕಲಿತು, ಮಕ್ಕಳ ಹಾಜರಾತಿ ದಿನಾ ಹತ್ತೂವರೆಗೆ ತಾನಾಗಿ ಪ್ರಿಂಟ್ ಆಗುವಂತೆ ಮಾಡಿದ್ದೆ. ಹೆಡ್‌ಮಾಸ್ಟರು ಸ್ಟಾಫ್ ರೂಮಿನಲ್ಲೇ ಬೆನ್ನು ತಟ್ಟಿದ್ದರು. ಶಾಲೆಯನ್ನು ಗೆದ್ದವನಿಗೆ ಮನೆ ಯಾವ ಲೆಕ್ಕ?

ಹಾಲಿನಲ್ಲಿ ಸೋಫಾ ಪಕ್ಕಕ್ಕೇ ಕಂಪ್ಯೂಟರು, ಪ್ರಿಂಟರು ಇದ್ದವು. ಅದರಲ್ಲಿ 'ಮನೆ' ಎಂಬ ಕಡತ ತೆರೆದು ದಿನದ ಕೆಲಸಗಳನ್ನೆಲ್ಲ ತುಂಬಿದೆ. ಮೋಟಾರು ಹಾಕುವುದು, ಗ್ಯಾಸ್ ಬುಕ್ ಮಾಡುವುದು, ಯಾವ ಮಾತ್ರೆ ಯಾರಿಗೆ. ದ್ರಾಕ್ಷಾಯಣಿ ಪೂಜೆ, ತಿಂಡಿ ಮುಗಿಸಿ ಕೂರುವುದು ಹನ್ನೊಂದಕ್ಕೆ. ಸರಿಯಾಗಿ ಆ ಹೊತ್ತಿಗೆ ಪ್ರಿಂಟರು ಎಚ್ಚೆತ್ತು ಹಾಳೆ ಹೊರಹಾಕುತ್ತಿತ್ತು. ನಾನು ಶಾಲೆಯಲ್ಲಿದ್ದರೂ ನನ್ನ ಆದೇಶ ಮನೆಯಲ್ಲಿ ಹೊರಬೀಳುತ್ತಿತ್ತು.

"ನೀವು ಮನೇಲಿಲ್ಲ ಅಂದ್ರೆ ಒಂದಿಷ್ಟು ನೆಮ್ಮದಿ ಇರ್ತಿತ್ತು. ಅದಕ್ಕೂ ಕಲ್ಲು ಹಾಕಿದ್ರಿ" ಎಂದಳು ದ್ರಾಕ್ಷಾಯಣಿ.

ಎರಡನೇ ವಾರ ಒಂದು ಸಣ್ಣ ಅಪಘಾತವಾಯಿತು. ನನ್ನ ಮ್ಯಾಕ್ರೊ ಪರದೆಯ ಮೇಲೆ ಯಾವ ಹಾಳೆ ಎದುರಿಗಿದೆಯೋ ಅದನ್ನೇ ಪ್ರಿಂಟ್ ಮಾಡುವಂಥದು. ನಾನು ಮುಂದಿನ ತಿಂಗಳ ಹಾಳೆ ತೆರೆದಿಟ್ಟು ಶಾಲೆಗೆ ಹೋಗಿದ್ದೆ. ಅದರಲ್ಲಿ 'ಚನ್ನೇಶನನ್ನು ಕರೆಸಿ ಕಾಯಿ ಕೀಳಿಸುವುದು' ಎಂದಿತ್ತು. ಆಜ್ಞೆ ಮೀರದ ನನ್ನ ಹೆಂಡತಿ ಅಂದೇ ಕರೆಸಿದಳು. ಚನ್ನೇಶ ಮರ ಹತ್ತಿ, ಇನ್ನೂ ಬಲಿತಿಲ್ಲ ಕಣಕ್ಕ ಎಂದರೂ, ಯಜಮಾನರು ಬರೆದಿದ್ದಾರೆ ಕೀಳು ಎಂದಳಂತೆ. ಹದಿನೈದು ದಿನ ನಾವು ಎಳನೀರು ಕುಡಿದೆವು. ಬಂದವರಿಗೂ ಕುಡಿಸಿದೆವು.

ಇನ್ನು ಹಾಳೆ ತಪ್ಪುವ ಮಾತೇ ಬೇಡವೆಂದು ನಾನು ಮ್ಯಾಕ್ರೊ ತಿದ್ದಿದೆ. ಎದುರಿಗಿರುವ ಹಾಳೆಯಲ್ಲ, ಕಡತದಲ್ಲಿರುವ ಎಲ್ಲ ಹಾಳೆಯೂ ಪ್ರಿಂಟ್ ಆಗಬೇಕು. ಈ ಒಂದು ಸಾಲೇ ನನ್ನ ಅವನತಿಯ ಮೊದಲ ಸಾಲು.

ಇಷ್ಟರಲ್ಲಿ ನಮ್ಮ ಮಗಳು ಅರುಣಾಳಿಗೆ ಹಳೇಬೀಡಿನಿಂದ ಒಂದು ಸಂಬಂಧ ಬಂತು. ಅವಳು ಬೇಲೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ಅದಕ್ಕೆ ಮೊದಲು ಬಂದ ಎರಡು ಸಂಬಂಧಗಳನ್ನು ಫೋಟೊ ನೋಡಿಯೇ ಬೇಡ ಅಂದಿದ್ದಳು. ಈ ಹುಡುಗ ಶಶಿಕಿರಣ್, ದನಕರುಗಳ ಡಾಕ್ಟರು. ಇವನ ವಿಷಯದಲ್ಲಿ ಮಾತ್ರ, ಭಾನುವಾರ ಬರಲಿ ನೋಡೋಣ ಎಂದಳು. ನಮ್ಮ ಮನೆಯಲ್ಲಿ ಅಷ್ಟು ಮಾತಿಗೆ ದ್ರಾಕ್ಷಾಯಣಿ ದೇವರಿಗೆ ತುಪ್ಪದ ದೀಪ ಹಚ್ಚಿದಳು.

ನಾನು ಮಾಡಿದ್ದೇನು? ಶನಿವಾರ ಸಂಜೆ ಅದೇ ಕಡತದಲ್ಲಿ 'ವರ' ಎಂದು ಒಂದು ಹಾಳೆ ಸೇರಿಸಿ, ಮೂರೂ ಹುಡುಗರಿಗೆ ಕೆಲಸ, ಎತ್ತರ, ಮನೆತನ ಎಂದು ಹತ್ತು ಕಾಲಂ ಎಳೆದು ನೂರಕ್ಕೆ ಅಂಕ ಕೊಟ್ಟೆ. ಕೊನೆಯಲ್ಲಿ, ಫೋಟೊ ನೋಡಿ, ಫೋನಿನಲ್ಲಿ ಮಾತಾಡಿ ತಿಳಿದಷ್ಟಕ್ಕೆ ಷರಾ ಬರೆದೆ. ಶಾಲೆಯ ಅಭ್ಯಾಸ, ಬಿಡುವುದಿಲ್ಲ.

ಭಾನುವಾರ ಬೆಳಿಗ್ಗೆ ಅರುಣಾ ಎರಡು ಸಲ ಸೀರೆ ಬದಲಾಯಿಸಿದಳು. ದ್ರಾಕ್ಷಾಯಣಿ ಆ ಡಬ್ಬ ಇವತ್ತಾದರೂ ಆರಿಸಿ ಎಂದಳು. ನಾನು 'ಮನೆ' ಕಡತವನ್ನು ಮುಚ್ಚಿ, ಮುಚ್ಚಿದ್ದೇನೆ ಎಂದು ಭರವಸೆ ಕೊಟ್ಟೆ. ಕಂಪ್ಯೂಟರು ಆರಿಸಲಿಲ್ಲ. ಬೀಗರಾಗುವವರಿಗೆ ನಮ್ಮ ಶಾಲೆಯ ಹತ್ತು ವರ್ಷದ ಫಲಿತಾಂಶದ ಗ್ರಾಫು ತೋರಿಸಬೇಕಿತ್ತು.

ಹತ್ತೂವರೆಗೆ ಅವರು ಬಂದರು. ಹುಡುಗನ ತಂದೆ ನಂಜಪ್ಪನವರು, ತಾಯಿ ಉಷಾರಾಣಿ, ಹುಡುಗ. ಉಷಾರಾಣಿಯವರು ಪ್ರಿಂಟರಿನ ಪಕ್ಕದ ಸೋಫಾದಲ್ಲಿ ಕೂತು, ಬಸ್ಸು, ಬಿಸಿಲು, ತಮ್ಮ ಮಂಡಿನೋವು ಎಲ್ಲವನ್ನೂ ಹೇಳತೊಡಗಿದರು. ನಂಜಪ್ಪನವರು ಹೂಂ ಎನ್ನುತ್ತಿದ್ದರು. ನಾನು ಗ್ರಾಫು ತೆರೆದು ವಿವರಿಸಿದೆ. ಅದಕ್ಕೂ ಹೂಂ ಎಂದರು.

ಹನ್ನೊಂದಾಯಿತು. ಮುಚ್ಚಿದ್ದ ಕಡತ ಪರದೆಯ ಮೇಲೆ ತಾನಾಗಿ ತೆರೆದುಕೊಂಡಿತು. ಗೊತ್ತುಮಾಡಿದ ಹೊತ್ತನ್ನು ರದ್ದು ಮಾಡದೆ ಬರೀ ಕಡತ ಮುಚ್ಚಿದರೆ, ಕಂಪ್ಯೂಟರು ಹೊತ್ತಿಗೆ ಸರಿಯಾಗಿ ಅದನ್ನು ತೆರೆದು ಕೆಲಸ ಮುಗಿಸುತ್ತದೆ ಎಂದು ನಮ್ಮ ಕಂಪ್ಯೂಟರ್ ಮೇಷ್ಟ್ರು ಸೋಮವಾರ ಹೇಳಿದರು. ನನಗೆ ಭಾನುವಾರವೇ ತಿಳಿಯಿತು.

ಮೊದಲ ಹಾಳೆ ಉಷಾರಾಣಿಯವರ ಕಾಲ ಬಳಿ ಬಿತ್ತು. ಪಾಪ, ಸಹಾಯ ಮಾಡೋಣವೆಂದು ಎತ್ತಿಕೊಂಡರು. 'ಹಳೇಬೀಡಿನವರು ಬರುತ್ತಾರೆ. ಪಕ್ಕದ ಮನೆಯ ಲತಾಮಣಿಯವರಿಂದ ಒಳ್ಳೆಯ ಲೋಟಗಳನ್ನು ತರುವುದು.' ಅವರು ಕೈಯಲ್ಲಿದ್ದ ಕಾಫಿ ಲೋಟವನ್ನು ಒಮ್ಮೆ ತಿರುಗಿಸಿ ನೋಡಿದರು. ಎರಡನೆಯದು ಮಾತ್ರೆಗಳ ಹಾಳೆ. ನನ್ನ ಬಿ.ಪಿ., ನನ್ನ ಮಲಬದ್ಧತೆ. ನಾನು ಹಾರಿ ಹೋಗಿ ಗೋಡೆಯಲ್ಲಿದ್ದ ಪ್ಲಗ್ಗು ಕಿತ್ತೆ. ಯುಪಿಎಸ್ ಕೀಂ ಎಂದು ಕೂಗಿ ಪ್ರಿಂಟರನ್ನು ಕಾಪಾಡಿತು. ಎರಡು ವರ್ಷದಿಂದ ಕೈಕೊಡುತ್ತಿದ್ದ ಯುಪಿಎಸ್ಸು ಅದು.

ಮೂರನೆಯದು 'ವರ'.

ಬಂದಾಗಿನಿಂದ ಮೊದಲ ಸಲ ಉಷಾರಾಣಿಯವರು ಮೌನವಾದರು. ಆಮೇಲೆ ಮೆಲ್ಲಗೆ ಓದಿದರು. "ಶಶಿಕಿರಣ್, ಅರವತ್ತೊಂದು. ಹುಡುಗ ಸಾಧು. ಕೂದಲು ಹಿಂದಕ್ಕೆ ಸರಿಯುತ್ತಿದೆ. ತಂದೆ ಮಾತಾಡುವುದಿಲ್ಲ. ತಾಯಿ ನಿಲ್ಲಿಸುವುದಿಲ್ಲ."

ಕೇಸರಿಬಾತಿನ ತಟ್ಟೆ ಹಿಡಿದ ದ್ರಾಕ್ಷಾಯಣಿ ಬಾಗಿಲಲ್ಲೇ ನಿಂತಳು. ಅವಳ ಹಿಂದೆ ಅರುಣಾ. ಮಗಳ ಮುಖ ನೋಡಿದೆ. ಅವಳು ಒಪ್ಪಬಹುದಾಗಿದ್ದ ಒಂದೇ ಸಂಬಂಧವನ್ನು ನಾನು ನನ್ನ ಕೈಯಾರೆ, ಕೈಯೂ ತಾಗಿಸದೆ, ಹಾಳುಮಾಡಿದ್ದೆ.

ಹಾಳೆ ನಂಜಪ್ಪನವರಿಗೆ ಹೋಯಿತು, ಅವರಿಂದ ಹುಡುಗನಿಗೆ. ಅವನು ಪೂರ್ತಿ ಓದಿ, ತಲೆಯ ಮೇಲೊಮ್ಮೆ ಕೈಯಾಡಿಸಿಕೊಂಡು, ರೀವ್ಯಾಲ್ಯುವೇಷನ್ನಿಗೆ ಹಾಕಬಹುದಾ ಸರ್ ಎಂದು ಕೇಳಿದ.

ಅರುಣಾ ಬಂದು ಅವನ ಕೈಯಿಂದ ಹಾಳೆ ತೆಗೆದುಕೊಂಡು ನೋಡಿದಳು.

"ಹತ್ತು ಕಾಲಂ ಎಳೆದಿದ್ದೀರಿ ಅಪ್ಪ. ನನಗೆ ಇಷ್ಟಾನಾ ಅಂತ ಒಂದೂ ಇಲ್ವಲ್ಲ."

ಆಮೇಲೆ ಹುಡುಗನ ಕಡೆ ತಿರುಗಿ, ನಿಮ್ಮ ಕಾಫಿ ಆರಿಹೋಗಿದೆ, ಬೇರೆ ತರ್ತೀನಿ ಎಂದು ಲೋಟ ತೆಗೆದುಕೊಂಡು ಒಳಗೆ ಹೋದಳು. ಹುಡುಗ ಅವಳು ಹೋದ ಬಾಗಿಲನ್ನೇ ನೋಡುತ್ತಾ ಕೂತ. ಅದನ್ನು ಉಷಾರಾಣಿಯವರೂ ನೋಡಿದರು, ದ್ರಾಕ್ಷಾಯಣಿಯೂ ನೋಡಿದಳು. ಹೆಂಗಸರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ನಾನೊಬ್ಬ ಪ್ಲಗ್ಗು ಹಿಡಿದು ನಿಂತಿದ್ದೆ.

ಉಷಾರಾಣಿಯವರು ಬ್ಯಾಗಿನಿಂದ ಒಂದು ಪುಟ್ಟ ನೋಟ್ ಬುಕ್ಕು ತೆಗೆದರು. "ನಾವೇನು ಬರ್ಕೊಳ್ಳದೆ ಬಂದಿದ್ದೀವಾ? ಕೇಳಿ. ಹುಡುಗಿ ಚೆನ್ನಾಗಿ ಓದಿದಾಳೆ. ತಾಯಿ ತಾಳ್ಮೆ. ತಂದೆಗೆ ಜಂಭ, ಫೋನಲ್ಲೇ ಗೊತ್ತಾಯ್ತು."

ನಂಜಪ್ಪನವರು ಹೂಂ ಎಂದರು. ದ್ರಾಕ್ಷಾಯಣಿ ಮುಖಕ್ಕೆ ಸೆರಗು ಅಡ್ಡ ಹಿಡಿದಳು, ಆದರೆ ಭುಜ ಅಲುಗಾಡುವುದು ಕಾಣುತ್ತಿತ್ತು.

ಕಾರ್ತೀಕದಲ್ಲಿ ನಿಶ್ಚಿತಾರ್ಥ ಎಂದು ನಿಗದಿಯಾಯಿತು. ಮ್ಯಾಕ್ರೊವನ್ನು ನಾನೇ ಅಳಿಸಿದೆ, ದ್ರಾಕ್ಷಾಯಣಿ ಪಕ್ಕದಲ್ಲಿ ನಿಂತು ಅಳಿಸಿದ್ದನ್ನು ಎರಡು ಸಲ ಖಾತ್ರಿ ಮಾಡಿಕೊಂಡಳು. ಮೊನ್ನೆ ಉಷಾರಾಣಿಯವರು ಫೋನು ಮಾಡಿದರು. ಕರೆಯಬೇಕಾದವರ ಪಟ್ಟಿ ಎರಡೂ ಕಡೆಯದು ಸೇರಿ ಒಂದೇ ಆಗಬೇಕು, ಅಚ್ಚುಕಟ್ಟಾಗಿ ಮಾಡಲು ನಿಮ್ಮನ್ನು ಬಿಟ್ಟರೆ ಇಲ್ಲ ಎಂದರು. ಎದೆಯುಬ್ಬಿತು. ದ್ರಾಕ್ಷಾಯಣಿಗೂ ಕೇಳಲಿ ಎಂದು ನಾನೇ ಫೋನನ್ನು ಸ್ಪೀಕರಿಗೆ ಹಾಕಿ, ಖಂಡಿತ ಮಾಡಿಕೊಡುತ್ತೇನೆ ಎಂದೆ.

"ಪಟ್ಟಿ ಮಾಡಿ ಕಳಿಸಿಬಿಡಿ ಬೀಗ್ರೇ" ಎಂದರು ಉಷಾರಾಣಿ. "ಪ್ರಿಂಟು ಮಾತ್ರ ನಾವು ಇಲ್ಲಿ ಅಂಗಡೀಲಿ ತೆಗೆಸ್ಕೋತೀವಿ."