ನಾಕಾದಲ್ಲಿ ಓದಿದ ನಾಲ್ಕನೆಯ ಅಧ್ಯಾಯ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ಆನೆಗೊಂದಿಯ ಹೊಳೆದಂಡೆಯಲ್ಲಿ, ನಾನು ಎಂಬತ್ತೇಳನೆಯ ಹೆಜ್ಜೆಯನ್ನು ಗಟ್ಟಿಯಾಗಿ ಎಣಿಸಿದೆ. ನನ್ನ ಕೇಡುಗಾಲ ಶುರುವಾದದ್ದು ಆಗಲೇ.

ಆ ವರ್ಷ ಹೊಳೆಯ ಆಚೆ ಸ್ವಾತಂತ್ರ್ಯ ಬಂದಿತ್ತು. ಈಚೆ ಇನ್ನೂ ನಿಜಾಮರ ರಾಜ್ಯ. ನನ್ನ ಕಾದಂಬರಿಯ ನಾಯಕ ನಾಲ್ಕನೆಯ ಅಧ್ಯಾಯದಲ್ಲಿ ಸುಂಕದ ನಾಕಾಕ್ಕೆ ಬೆಂಕಿ ಹಚ್ಚಿ ಹೊಳೆಗೆ ಓಡಬೇಕಿತ್ತು. ಎಷ್ಟು ಹೆಜ್ಜೆ? ಹೈದರಾಬಾದಿನಲ್ಲಿ ಬಿ.ಎ. ಮಾಡಿ ಗಂಗಾವತಿಯಲ್ಲಿ ಮಾಸ್ತರನಾದವನು ಅಂದಾಜಿನ ಮೇಲೆ ಬರೆಯಬಹುದೆ? "ನೂರು ಅಂತ ಬರದ್ರ ಯಾರ ಅಳೀತಾರ್ರೀ?" ಎಂದು ಹೆಂಡತಿ ಸುಶೀಲಾ ಕೇಳಿದ್ದಳು. ಸಾಹಿತ್ಯ ಗೊತ್ತಿಲ್ಲದವಳು ಎಂದು ಕ್ಷಮಿಸಿ, ಆ ಅಧ್ಯಾಯವನ್ನು ಚೀಲದಲ್ಲಿಟ್ಟುಕೊಂಡು, ಆನೆಗೊಂದಿಯ ನಾಕಾದಿಂದ ಹೊಳೆಯವರೆಗೆ ಅಳೆಯಲು ಹೊರಟಿದ್ದೆ.

ಎಂಬತ್ತೆಂಟನೆಯ ಹೆಜ್ಜೆಗೆ ಜವಾನನೊಬ್ಬ ಅಡ್ಡ ನಿಂತ. ಐದು ನಿಮಿಷದಲ್ಲಿ ನಾನು ನಾಕಾದೊಳಗೆ, ಪೊಲೀಸ್ ಅಮೀನರ ಮುಂದೆ ನಿಂತಿದ್ದೆ. ಅವರ ಮೇಜಿನ ಮೇಲೆ ಎರಡೇ ವಸ್ತು: ಪಿಸ್ತೂಲು ಮತ್ತು ನನ್ನ ಅಧ್ಯಾಯ. ಇವತ್ತಿಗೂ ನೆನೆದರೆ ಮೊದಲು ಕಾಣುವುದು ಪಿಸ್ತೂಲು.

ಅಮೀನರಿಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಕಚೇರಿಯ ಕೆಲಸವೆಲ್ಲ ಉರ್ದುವಿನಲ್ಲಿ. ಜವಾನನಿಗೆ ಯಾವ ಅಕ್ಷರವೂ ಬಾರದು. ಹೀಗಾಗಿ ಆರೋಪಿಯ ವಿರುದ್ಧದ ಸಾಕ್ಷ್ಯವನ್ನು ಓದಿ ಹೇಳುವ ಘನ ಜವಾಬ್ದಾರಿ ಆರೋಪಿಗೇ ಬಂತು!

"ಓದ್ರಿ ಮಾಸ್ತರ. ಒಳಸಂಚು ಏನರ ಇತ್ತಂದ್ರ ಸೀದಾ ಜೇಲು."

ನಾಯಕ ಬಾಳೆಹಣ್ಣು ಕೊಳ್ಳಲು ಹೊಳೆಗೆ ಬಂದ ಎಂದು ಓದಿದೆ. ಒಂದು ಗೊನೆ ಕೊಂಡ. ಇನ್ನೊಂದು ಗೊನೆ ಕೊಂಡ. ನನ್ನ ಬಿಡುಗಡೆ ಇನ್ನೆರಡು ಗೊನೆಗಳಷ್ಟು ದೂರದಲ್ಲಿತ್ತು. ಅಷ್ಟರಲ್ಲಿ ಅಮೀನರು ಆಕಳಿಸಿದರು. "ಇಷ್ಟ ಏನು ನಿಮ್ಮ ಕಾದಂಬರಿ? ನಮ್ಮ ಅಜ್ಜಿ ಇದಕ್ಕಿಂತ ಛಲೋ ಕತಿ ಹೇಳ್ತಿದ್ಳು."

ಜೇಲನ್ನಾದರೂ ಸಹಿಸಬಹುದು, ಇದನ್ನಲ್ಲ. "ಮುಂದ ಕೇಳ್ರಿ" ಎಂದವನೇ, ಬರೆದದ್ದನ್ನು ಬರೆದಂತೆಯೇ, ಏರುದನಿಯಲ್ಲಿ ಓದಿಬಿಟ್ಟೆ. ನಾಯಕ ಸೀಮೆಎಣ್ಣೆ ಸುರಿದ, ಕಡ್ಡಿ ಗೀರಿದ, ನಾಕಾ ಧಗಧಗನೆ ಉರಿಯಿತು!

ಅಮೀನರ ಕೈ ಪಿಸ್ತೂಲಿನತ್ತ ಸರಿಯಿತು.

"ಯಾವ ನಾಕಾ?"

ನಾನು ಪುಟ ತಿರುವಿ ಓದುತ್ತ ಹೋದೆ. ಮುಂದಿನದು ನೀರಿನಲ್ಲಿ ಕಂಡ ಚಂದ್ರನ ವರ್ಣನೆ. ಹದಿನಾಲ್ಕು ಪುಟ. ನನ್ನ ಪ್ರತಿಭೆಯ ಶಿಖರ. ಮೂರನೆಯ ಪುಟಕ್ಕೆ ಅಮೀನರ ಕೈ ಸಡಿಲವಾಯಿತು. ಐದಕ್ಕೆ ಜವಾನ ಗೋಡೆಗೆ ಒರಗಿದ. ಏಳಕ್ಕೆ ಇಬ್ಬರದೂ ಗೊರಕೆ. ಓಡಿಹೋಗುವ ಧೈರ್ಯವಿಲ್ಲದೆ ನಾನು ಹದಿನಾಲ್ಕನ್ನೂ ಓದಿ ಮುಗಿಸಿದೆ.

ಎಚ್ಚರಗೊಂಡ ಅಮೀನರು ಕಾಗದಗಳನ್ನು ನನ್ನ ಚೀಲಕ್ಕೆ ತುರುಕಿದರು. "ಹೋಗ್ರಿ ಮಾಸ್ತರ. ಇದನ್ನ ಓದಿದಾವ ಯಾವ ನಾಕಾನೂ ಸುಡೂದಿಲ್ಲ. ಕಡ್ಡಿ ಗೀರೂದ್ರಾಗ ಮಲಗಿರ್ತಾನ."

ಜೀವ ಉಳಿಯಿತು, ನಿದ್ದೆ ಹೋಯಿತು. ಹದಿನೆಂಟು ದಿನ, ಕಣ್ಣು ಮುಚ್ಚಿದೊಡನೆ ಪಿಸ್ತೂಲು. ಕಷಾಯ ಕುಡಿದೆ, ತಲೆಗೆ ಹರಳೆಣ್ಣೆ ಹಚ್ಚಿಸಿಕೊಂಡೆ, ಯಾವುದೂ ನಾಟಲಿಲ್ಲ. ಹತ್ತೊಂಬತ್ತನೆಯ ದಿನ, ಗುರುವಾರ ರಾತ್ರಿ, ಸುಶೀಲಾ ಚೀಲ ಬಿಚ್ಚಿ, ಚಂದ್ರನ ವರ್ಣನೆಯನ್ನು ಗಟ್ಟಿಯಾಗಿ ಓದತೊಡಗಿದಳು. ಎರಡನೆಯ ಪುಟ ಕೇಳಿದ ನೆನಪು ನನಗಿಲ್ಲ.

ಕಣ್ಣು ಬಿಟ್ಟಾಗ ಬಿಸಿಲು ಹೊಸ್ತಿಲು ದಾಟಿತ್ತು. ಒಲೆ ಹೊತ್ತಿರಲಿಲ್ಲ. ಪಕ್ಕದಲ್ಲಿ ಸುಶೀಲಾ, ನಾಲ್ಕನೆಯ ಪುಟವನ್ನು ಮುಖದ ಮೇಲೆ ಹೊದ್ದುಕೊಂಡು, ಇನ್ನೂ ಮಲಗಿದ್ದಳು.