ಟಗರು ಯಾವ ಕಡೆಯಿಂದ ಬಂತು

ನನ್ನಂಥ ಟೂರಿಂಗ್ ಟಾಕೀಸಿನ ಆಪರೇಟರನಿಗೆ ಸಿಟ್ಟು ಬರಲು ಸಿನಿಮಾ ಕೆಟ್ಟದಾಗಿರಬೇಕೆಂದಿಲ್ಲ, ಟೆಂಟಿನೊಳಗೆ ಜನ ಇದ್ದರೆ ಸಾಕು. ದೊಡ್ಡ ಸಿನಿಮಾಕ್ಕೆ ಮುಂಚೆ ತೋರಿಸಲು ನನ್ನ ಹತ್ತಿರ ಒಂದು ಸಣ್ಣ ಕಾರ್ಟೂನ್ ರೀಲಿತ್ತು. ಕೈಯಿಂದ ಬರೆದ ಟಗರು, ಬರೆದ ಮೀಸೆಯವನೊಬ್ಬ. ಟಗರು ಅವನನ್ನು ಗುದ್ದುತ್ತದೆ, ಅಷ್ಟೇ ಕಥೆ. ಆದರೆ ಗುದ್ದುವ ಮುಂಚೆ ಅದು ಒಂದು ಗಳಿಗೆ ನಿಂತು ನಮ್ಮ ಕಡೆ ನೋಡುತ್ತದೆ. ನಗು ಇರುವುದು ಆ ನೋಟದಲ್ಲಿ. ಅದನ್ನು ಬರೆದ ಪುಣ್ಯಾತ್ಮ ಯಾರೋ, ಅವನ ಕೈಗೆ ನಮಸ್ಕಾರ. ಆ ರೀಲು ಉಳಿಸಿಕೊಳ್ಳಲು ನಾನು ಪಟ್ಟ ಪಾಡು ನನಗೇ ಗೊತ್ತು.

ಮಕ್ತಲ್

ಆಗಿನ್ನೂ ನಿಜಾಮರ ಸರಕಾರ. ಇಜಾಜತ್, ಅಂದರೆ ಪರವಾನಗಿ, ಕೊಡಲು ಪೊಲೀಸ್ ಅಮೀನ್ ಸಾಹೇಬರು ರೀಲು ನೋಡಿದರು.

"ಈ ಮೀಸಿ ಯಾರವು?"

"ಯಾರವೂ ಅಲ್ರೀ ಸಾಹೇಬ್ರ, ಬರೆದ ಮೀಸಿ."

ಸಾಹೇಬರು ತಮ್ಮ ಮೀಸೆ ಮುಟ್ಟಿಕೊಂಡರು. "ಗುದ್ದೋದು ತೆಗಿ."

ಗುದ್ದು ತೆಗೆದರೆ ಟಗರು ಯಾಕೆ ಬೇಕು? ಮೈ ಉರಿಯಿತು. ಹೂಂ ಅಂದು ರೀಲನ್ನು ಹಾಸಿಗೆ ಸುರುಳಿಯೊಳಗೆ ಬಚ್ಚಿಟ್ಟೆ. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮರ ಸರಕಾರ ಹೋಯಿತು, ಹೊಸ ಅಧಿಕಾರಿ ಬಂದರು. ಅವರೂ ನೋಡಿದರು.

"ಇವ ಹಳೇ ಅಮೀನ್ ಇದ್ದಂಗ ಅದಾನಲ್ಲಪಾ. ಇನ್ನೆರಡು ಸಲ ಗುದ್ದಿಸಾಕ ಬರ್ತೈತೇನು?"

ನಾರಾಯಣಪೇಟೆ

ನಮ್ಮ ಮಾಲೀಕನ ಪ್ರಕಾರ ಸಿನಿಮಾ ಓಡುವುದು ಹಾಡಿನಿಂದ.

"ಟಗರಿಗೆ ಹಾಡು ಐತೇನು? ಇಲ್ಲ. ಮತ್ತ ಹೆಂಗ ಓಡ್ತೈತಿ?"

ಊರ ಭಜನೆಯವರೊಬ್ಬರನ್ನು ಹಾರ್ಮೋನಿಯಂ ಸಮೇತ ತಂದು ಪರದೆಯ ಪಕ್ಕ ಕೂರಿಸಿದ. ಟಗರು ನಿಂತು ನೋಡುವ ಆ ಗಳಿಗೆಗೇ ಸರಿಯಾಗಿ ಅವರು ಆಲಾಪ ತೆಗೆದರು. ಹಾರ್ಮೋನಿಯಂ ಕಿತ್ತು ಬಾವಿಗೆ ಹಾಕಬೇಕು ಅನ್ನಿಸಿತು. ಅಷ್ಟರಲ್ಲಿ ಮುಂದಿನ ಸಾಲಿನ ನೇಕಾರ ಅಜ್ಜ ಎದ್ದು ನಿಂತ.

"ಸ್ವಲ್ಪ ಸುಮ್ಮನಿರ್ರೀ, ಟಗರು ಬೆದರ್ತೈತಿ."

ಗದ್ವಾಲ್

"ಈ ವಾರ ಮುಗೀಲಿ, ಆ ಟಗರು ಹೊರಗ ಒಗದುಬಿಡು. ಹಾಡಿನ ರೀಲು ತರಿಸೀನಿ" ಅಂದ ಮಾಲೀಕ. ಎರಡು ದಿನ ಅವನ ಜೊತೆ ಮಾತು ಬಿಟ್ಟೆ.

ನಮ್ಮ ಟೆಂಟಿನಲ್ಲಿ ಸಿನಿಮಾದ ಪರದೆಯೇ ನಡುವೆ. ಗಂಡಸರು ಇತ್ತ, ಗೋಷಾ ಅಂತ, ಗಂಡಸರ ಕಣ್ಣಿಗೆ ಬೀಳದಂತೆ, ಹೆಂಗಸರು ಅತ್ತ. ಬಟ್ಟೆ ತೆಳುವಾದ್ದರಿಂದ ಅತ್ತಲೂ ಚಿತ್ರ ಕಾಣುತ್ತದೆ, ಆದರೆ ಎಡ ಬಲ ಅದಲುಬದಲು. ಒಂದು ಸಂಜೆ ಗಂಡ ಹೆಂಡತಿ ಜಗಳಾಡುತ್ತ ನನ್ನ ಹತ್ತಿರ ಬಂದರು.

"ಟಗರು ಬಲಕಿನಿಂದ ಬಂತಲ್ರೀ? ಈಕಿ ಎಡಕ ಅಂತಾಳ."

"ನಾ ಏನು ಕುಡ್ಡಿ ಏನ್ರೀ ಅಣ್ಣಾ? ನೀವಾ ಹೇಳ್ರಿ."

ಇಬ್ಬರದೂ ಖರೆ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. "ನಾಳೆ ಬಂದು ಇನ್ನೊಮ್ಮೆ ನೋಡ್ರಿ" ಅಂದೆ. ಮರುದಿನ ಅವನು ಅಣ್ಣತಮ್ಮಂದಿರನ್ನು, ಅವಳು ಅಕ್ಕತಂಗಿಯರನ್ನು ಸಾಕ್ಷಿಗೆ ಕರೆತಂದರು. ಅವರವರ ಮನೆಗಳಲ್ಲೂ ಜಗಳ ಹತ್ತಿತು. ವಾರ ಮುಗಿಯುವುದರೊಳಗೆ ಟೆಂಟಿನಲ್ಲಿ ಕಾಲಿಡಲು ಜಾಗ ಇಲ್ಲ.

"ನೋಡಿದಿ? ದೊಡ್ಡ ಸಿನಿಮಾದ ಹಾಡು ಹೆಂಗ ಮಂದಿ ಎಳೀತಾವು" ಅಂದ ಮಾಲೀಕ. ಪರದೆಯ ಆ ಕಡೆ ಒಮ್ಮೆಯೂ ಕೂತವನಲ್ಲ ಅವನು.

ವಾರದ ಕೊನೆಯ ದಿನ ಅವನ ಹೆಂಡತಿ ಸಿನಿಮಾಕ್ಕೆ ಬಂದಳು. ಮರುದಿನ ಬೆಳಿಗ್ಗೆ ಮಾಲೀಕ ಮುಖ ಊದಿಸಿಕೊಂಡು ಬಂದ.

"ಟಗರಿನ ರೀಲು ಒಗದೀಯೇನು?"

"ನೀವಾ ಹೇಳಿದ್ರಲ್ಲ, ಒಗೀತೀನ್ರಿ."

"ಒಗೀಬ್ಯಾಡ. ಇವತ್ತ ನಮ್ಮಾಕಿ ಅವರವ್ವನ್ನ ಸಾಕ್ಷಿಗೆ ಕರ್ಕೊಂಡ ಬರ್ತಾಳ." ಸುತ್ತ ನೋಡಿ ದನಿ ತಗ್ಗಿಸಿದ. "ನಿನಗ ಕೈ ಮುಗೀತೀನಿ, ಇವತ್ತೊಂದಿನ ಟಗರು ಬಲಕಿನಿಂದಾನ ಬರೂವಂಗ ನೋಡ್ಕೋ."